ಉಪವಾಸಿಗನ ಸ್ನಾಯುಗಳು: ಮಕ್ಕಾದ ದಾರಿಯಿಂದ ಪ್ರಯೋಗಶಾಲೆಯವರೆಗೆ

ಹಿಜರಿ 8ನೇ ವರ್ಷದ ರಮಝಾನ್‌ನಲ್ಲಿ ಪ್ರವಾದಿ ಮುಹಮ್ಮದ್(ಸ)ರು ಸುಮಾರು 10 ಸಾವಿರ ಅನುಯಾಯಿಗಳೊಂದಿಗೆ ಮದೀನಾದಿಂದ ಮಕ್ಕಾದ ಕಡೆಗೆ ಹೊರಟರು. ಉಪವಾಸದಲ್ಲಿಯೇ ಪ್ರಯಾಣ ಸಾಗಿತ್ತು. ಜನರು ಬಳಲಿದ್ದಾರೆಂದು ತಿಳಿದಾಗ ಪ್ರವಾದಿ(ಸ)ರು ಅಸರ್ ನಮಾಝಿನ ಬಳಿಕ ನೀರು ತರಿಸಿ, ಎಲ್ಲರಿಗೂ ಕಾಣುವಂತೆ ಕುಡಿದರೆಂದು ಹದೀಸ್‌ಗಳಲ್ಲಿ ವರದಿಯಾಗಿದೆ. ಉಪವಾಸವು ಶರೀರವನ್ನು ದಂಡಿಸುವ ಕ್ರಿಯೆಯಲ್ಲವೆಂಬುದನ್ನು ಸಹಾಬಿಗಳು ಕಣ್ಣಾರೆ ಕಂಡರು.

ನಡೆಯುವ ಕಾಲುಗಳಿಗೆ ಶಕ್ತಿ ಎಲ್ಲಿಂದ ಬರುತ್ತದೆ, ಅದು ಯಾವಾಗ ಕುಗ್ಗುತ್ತದೆ? ಈ ಅನ್ವೇಷಣೆಯ ಇತಿಹಾಸದಲ್ಲಿ ಮುಸ್ಲಿಮ್ ವೈದ್ಯರ ಪಾಲೂ ಇದೆ. 11ನೇ ಶತಮಾನದಲ್ಲಿ ಇಬ್ನು ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಆಹಾರ, ನಿದ್ರೆ, ಚಲನೆ ಮತ್ತು ವಿಶ್ರಾಂತಿಗಳನ್ನು ಆರೋಗ್ಯದ ಆಧಾರಗಳಾಗಿ ಒಟ್ಟಿಗೆ ವಿವೇಚಿಸಿದರು. ಹಿಂದಿನ ಊಟ ಜೀರ್ಣವಾದ ಬಳಿಕವೇ ವ್ಯಾಯಾಮ ಮಾಡಬೇಕೆಂಬುದು ಅವರ ಸಲಹೆಯಾಗಿತ್ತು. ಆದರೆ ಸ್ನಾಯುವಿನ ಒಳಗನ್ನು ನೋಡುವ ಸಾಧನ ಆ ಕಾಲದಲ್ಲಿರಲಿಲ್ಲ.

1857ರಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಯಕೃತ್ತಿನಿಂದ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಬೇರ್ಪಡಿಸಿದರು. ಇದೇ ದಾಸ್ತಾನು ಸ್ನಾಯುಗಳಲ್ಲಿಯೂ ಇದೆ. 1967ರಲ್ಲಿ ಸ್ವೀಡನ್ನಿನ ಸಂಶೋಧಕರು ಸೂಜಿಯ ಮೂಲಕ ತೊಡೆಯ ಸ್ನಾಯುವಿನ ತುಣುಕು ತೆಗೆದು ಅದನ್ನು ಅಳೆದರು. ಅನ್ನ, ರೊಟ್ಟಿಗಳಂತಹ ಪಿಷ್ಟವಿಲ್ಲದ ಆಹಾರ ಸೇವಿಸಿದಾಗ ಅದೇ ವ್ಯಕ್ತಿಗಳು ಸರಾಸರಿ 57 ನಿಮಿಷ, ಮಿಶ್ರ ಆಹಾರದಲ್ಲಿ 114 ನಿಮಿಷ ಮತ್ತು ಪಿಷ್ಟ ಹೆಚ್ಚಿರುವ ಆಹಾರದಲ್ಲಿ 167 ನಿಮಿಷ ಸೈಕಲ್ ತುಳಿಯಬಲ್ಲವರಾದರು.

ಹೊತ್ತಿನ ಲೆಕ್ಕ ತಿಳಿದುದು ಇನ್ನೂ ತಡವಾಗಿ. ಜೀವಕೋಶಗಳ ಒಳಗಿನ ಗಡಿಯಾರವನ್ನು ಗುರುತಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅಂತಹ ಗಡಿಯಾರ ಸ್ನಾಯುವಿನಲ್ಲಿಯೂ ಇದೆ. ಊಟದ ಬಳಿಕ ರಕ್ತದ ಸಕ್ಕರೆಯ ಬಹುಪಾಲನ್ನು ಇನ್ಸುಲಿನ್ ಸ್ನಾಯುಗಳಿಗೆ ಸೇರಿಸುತ್ತದೆ. ಸಾಮಾನ್ಯವಾಗಿ ಈ ಕೆಲಸ ಬೆಳಗ್ಗೆ ಚೆನ್ನಾಗಿ ನಡೆದು, ರಾತ್ರಿ ಮಂದವಾಗುತ್ತದೆ.

ನಮ್ಮ ಆರಾಧನೆಗೆ ಪ್ರಯೋಗಶಾಲೆಯ ಪ್ರಮಾಣಪತ್ರ ಬೇಕಿಲ್ಲ. ನಾವು ಉಪವಾಸ ಆಚರಿಸುವುದು ಅಲ್ಲಾಹನ ಸಂಪ್ರೀತಿಗಾಗಿ. ಆದರೆ ಈ ಜ್ಞಾನದ ಮುಂದೆ ನಮ್ಮ ಮನೆಗಳ ರಮಝಾನನ್ನು ಪರಿಶೀಲಿಸಿಕೊಳ್ಳಬೇಕಾಗಿದೆ. ಇಫ್ತಾರ್‌ನಿಂದ ನಡುರಾತ್ರಿಯವರೆಗೆ ಕರಿದ ತಿಂಡಿ, ಸಿಹಿಗಳನ್ನು ಸೇವಿಸಿ, ಸಹರಿಯ ಹೊತ್ತಿಗೆ ಮಲಗಿರುವವರು ನಮ್ಮಲ್ಲಿ ಕಡಿಮೆಯಿಲ್ಲ. ದಿನವಿಡೀ ದುಡಿಯಬೇಕಾದ ಸ್ನಾಯುಗಳಿಗೆ ಇದರಿಂದ ಅನ್ಯಾಯವಾಗುತ್ತದೆ. ಸಹರಿಯಲ್ಲಿ ಬರಕತ್ ಇದೆಯೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ತಿನ್ನುವುದರಲ್ಲಿ ಮಿತಿ ಮೀರಬಾರದೆಂದು ಕುರ್‌ಆನ್ ಎಚ್ಚರಿಸಿದೆ.

ಮಧುಮೇಹಿಗಳು ರಮಝಾನ್‌ಗೆ ಮುನ್ನವೇ ವೈದ್ಯರನ್ನು ಕಾಣಲಿ. ರೋಗಿಗೂ ಪ್ರಯಾಣಿಕನಿಗೂ ಅಲ್ಲಾಹನೇ ವಿನಾಯಿತಿ ನೀಡಿರುವನು. ಅದನ್ನು ಸ್ವೀಕರಿಸುವುದು ಈಮಾನಿನ ಕೊರತೆಯಲ್ಲ. ಮಕ್ಕಾದ ದಾರಿಯಲ್ಲಿ ಪ್ರವಾದಿ(ಸ)ರು ಸ್ವತಃ ತೋರಿಸಿಕೊಟ್ಟ ಮಾದರಿಯದು.