ಒಂದು ಓರೆಗೆರೆಯ ಚರಿತ್ರೆ

ಇಸವಿಗಳನ್ನು ಉರುಹೊಡೆಯುವುದಕ್ಕಿಂತ ಕಾರಣಗಳನ್ನು ಹುಡುಕುವುದೇ ಚರಿತ್ರೆಯ ಅಧ್ಯಯನವೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಅವರಲ್ಲಿ ಅನೇಕರು ಈಗ ತಂತ್ರಾಂಶದ ವೃತ್ತಿಯಲ್ಲಿದ್ದಾರೆ. ಅವರು ದಿನವೂ ಕೀಲಿಮಣೆಯಲ್ಲಿ ಒತ್ತುವ ಒಂದು ಸಣ್ಣ ಗುರುತಿಗೂ ಅಂಥದೊಂದು ಚರಿತ್ರೆಯಿದೆ. ಮೇಲಿನ ಎಡದಿಂದ ಕೆಳಗಿನ ಬಲಕ್ಕೆ ಇಳಿಯುವ ಆ ಓರೆಗೆರೆಗೆ ( \ ) ಬ್ಯಾಕ್‌ಸ್ಲ್ಯಾಶ್ ಎಂದು ಹೆಸರು.

ಪ್ರೋಗ್ರಾಮಿಂಗ್ ಕಲಿಯಲು ತೊಡಗಿದವನು ವಿಂಡೋಸ್ ಗಣಕದಲ್ಲಿರುವ ಒಂದು ಫೈಲಿನ ವಿಳಾಸವನ್ನು ತನ್ನ ಪ್ರೋಗ್ರಾಮಿನಲ್ಲಿ ಬರೆಯುತ್ತಾನೆ. ಫೈಲು ಕಣ್ಣೆದುರಿಗೇ ಇದ್ದರೂ ಅಂಥ ಫೈಲು ಇಲ್ಲವೆಂದು ಗಣಕವು ಉತ್ತರಿಸುತ್ತದೆ. ಆತ ತನ್ನ ಬುದ್ಧಿಯನ್ನೇ ಶಂಕಿಸುತ್ತಾನೆ. ಕೆಲವರು 'ಇದು ನನಗೆ ಒಗ್ಗುವ ವಿದ್ಯೆಯಲ್ಲ' ಎಂದು ಕೈಬಿಡುವುದೂ ಉಂಟು. ಈ ತೊಡಕಿಗೆ ಕಾರಣ ಆತನ ಮಂದಬುದ್ಧಿಯಲ್ಲ. ಆತ ಹುಟ್ಟುವುದಕ್ಕೆ ಮೊದಲೇ ಇಬ್ಬರು ಬೇರೆ ಬೇರೆ ಕಡೆ ಕೈಗೊಂಡ ಎರಡು ನಿರ್ಧಾರಗಳು ಆತನ ಪುಟದಲ್ಲಿ ಬಂದು ಡಿಕ್ಕಿ ಹೊಡೆದಿರುತ್ತವೆ.

ಗಣಕಗಳ ಅಕ್ಷರಪಟ್ಟಿಯಾದ ಆಸ್ಕಿಯಲ್ಲಿ ಈ ಗುರುತಿಗೆ ಸ್ಥಾನ ದೊರಕಿಸಿದವರು ಐಬಿಎಂನಲ್ಲಿದ್ದ ಬಾಬ್ ಬೀಮರ್. 1961ರ ಸೆಪ್ಟೆಂಬರ್ 18ರಂದು ಅದನ್ನು ಸೇರಿಸಿದೆನೆಂದು ಅವರೇ ದಾಖಲಿಸಿದ್ದಾರೆ. ಆಲ್ಗಾಲ್ ಎಂಬ ಭಾಷೆಯಲ್ಲಿ 'ಮತ್ತು', 'ಅಥವಾ' ಎಂಬ ತಾರ್ಕಿಕ ಸಂಬಂಧಗಳಿಗೆ ಗೋಪುರದಂಥ ಮತ್ತು ತಲೆಕೆಳಗಾದ ಗೋಪುರದಂಥ ಎರಡು ಚಿಹ್ನೆಗಳಿದ್ದವು. ಎರಡು ಓರೆಗೆರೆಗಳನ್ನು ಜೋಡಿಸಿ /\ ಎಂದೂ \/ ಎಂದೂ ಬರೆದರೆ ಅವನ್ನು ಮೂಡಿಸಬಹುದಲ್ಲವೇ? ಅದಕ್ಕಾಗಿ ಬಂದ ಗುರುತು ಇದು. 1963ರ ಆಸ್ಕಿ ಮಾನಕದಲ್ಲಿ ಅದಕ್ಕೆ 92ನೆಯ ಸಂಖ್ಯೆ ಸಿಕ್ಕಿತು. ಆ ಉದ್ದೇಶಕ್ಕೆ ಅದು ಹೆಚ್ಚು ಬಳಕೆಯಾಗಲಿಲ್ಲ. ಕೀಲಿಮಣೆಯ ಮೇಲೆ ಕೆಲಸವಿಲ್ಲದೆ ಕುಳಿತ ಗುರುತಿಗೆ ಯಾರಾದರೂ ಕೆಲಸ ಕೊಡುವುದು ಸಹಜ. ಇದಕ್ಕೆ ಎರಡು ಕಡೆಯಿಂದ ಕರೆ ಬಂತು.

ಮೊದಲನೆಯ ಕರೆ ಅಮೆರಿಕದ ಬೆಲ್ ಪ್ರಯೋಗಾಲಯದ್ದು. ಅಲ್ಲಿ 1970ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ಅವರು ಸಿ ಭಾಷೆಯನ್ನು ರೂಪಿಸುತ್ತಿದ್ದರು. ಪ್ರೋಗ್ರಾಮಿನಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಬರೆಯುವ ಅಕ್ಷರಸಾಲಿಗೆ ಸ್ಟ್ರಿಂಗ್ ಎನ್ನುತ್ತಾರೆ. ಅದರೊಳಗೆ 'ಇಲ್ಲಿ ಹೊಸ ಸಾಲು ಆರಂಭಿಸು' ಎಂದೋ 'ಇಲ್ಲಿ ಉದ್ಧರಣ ಚಿಹ್ನೆಯನ್ನೇ ಮುದ್ರಿಸು' ಎಂದೋ ಹೇಳಬೇಕಾದರೆ ಒಂದು ಸಂಕೇತ ಬೇಕು. ಸಿ ಭಾಷೆಗೆ ಮೊದಲು ಅಲ್ಲಿದ್ದ ಬಿ ಭಾಷೆಯಲ್ಲಿ ಈ ಕೆಲಸವನ್ನು ನಕ್ಷತ್ರ ಚಿಹ್ನೆ ಮಾಡುತ್ತಿತ್ತು. ಸಿ ಭಾಷೆ ಅದನ್ನು ಬ್ಯಾಕ್‌ಸ್ಲ್ಯಾಶಿಗೆ ವಹಿಸಿತು. ಅದರ ಮುಂದೆ ಇಂಗ್ಲಿಷಿನ 'ಎನ್' ಬಂದರೆ ಹೊಸ ಸಾಲು, 'ಟಿ' ಬಂದರೆ ಟ್ಯಾಬ್ ಎಂಬ ತೆರಪು. ಬ್ಯಾಕ್‌ಸ್ಲ್ಯಾಶನ್ನೇ ಬರೆಯಬೇಕಾದರೆ ಎರಡು ಸಲ ಬರೆಯಬೇಕು. ಅದೇ ಪ್ರಯೋಗಾಲಯದ ಯೂನಿಕ್ಸ್ ವ್ಯವಸ್ಥೆಯಲ್ಲಿ ಫೈಲುಗಳ ವಿಳಾಸವನ್ನು ಮುಂದಕ್ಕೆ ವಾಲಿದ ಸ್ಲ್ಯಾಶಿನಿಂದ ( / ) ವಿಭಜಿಸುತ್ತಿದ್ದರು. ಹಾಗಾಗಿ ಅಲ್ಲಿ ಎರಡೂ ಓರೆಗೆರೆಗಳು ತಮ್ಮ ತಮ್ಮ ಕೆಲಸದಲ್ಲಿ ನೆಮ್ಮದಿಯಿಂದಿದ್ದವು.

ಎರಡನೆಯ ಕರೆ ಮೈಕ್ರೋಸಾಫ್ಟ್‌ನದು. 1981ರಲ್ಲಿ ಐಬಿಎಂ ಪಿಸಿಯೊಡನೆ ಬಂದ ಡಾಸ್ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿ ಫೋಲ್ಡರುಗಳೇ ಇರಲಿಲ್ಲ. 160 ಕಿಲೋಬೈಟಿನ ಒಂದು ಫ್ಲಾಪಿಯಲ್ಲಿ ಹೆಚ್ಚೆಂದರೆ 64 ಫೈಲುಗಳು. ಅವಕ್ಕೆ ವಿಂಗಡಣೆ ಯಾತಕ್ಕೆ? ಅಲ್ಲಿ ಸ್ಲ್ಯಾಶಿಗೆ ಬೇರೆ ಕೆಲಸವಿತ್ತು. ಆದೇಶದ ಮುಂದೆ ಸ್ಲ್ಯಾಶ್ ಹಾಕಿ ಒಂದು ಅಕ್ಷರ ಬರೆದರೆ, ಆದೇಶವನ್ನು ಯಾವ ರೀತಿಯಲ್ಲಿ ನಡೆಸಬೇಕೆಂಬ ಸೂಚನೆ ಅದಾಗಿತ್ತು. ಡಿಇಸಿ ಕಂಪನಿಯ ಗಣಕಗಳಲ್ಲಿ ಮೊದಲೇ ರೂಢಿಯಲ್ಲಿದ್ದ ಪದ್ಧತಿ ಅದು. 1983ರಲ್ಲಿ 10 ಮೆಗಾಬೈಟಿನ ಹಾರ್ಡ್‌ಡಿಸ್ಕ್ ಇದ್ದ ಪಿಸಿ ಎಕ್ಸ್‌ಟಿ ಬಂದಾಗ ಫೋಲ್ಡರುಗಳು ಅನಿವಾರ್ಯವಾದವು. ಡಾಸ್‌ನ 2.0 ಆವೃತ್ತಿಯು ಅವನ್ನು ಒದಗಿಸಿತು. ಮೈಕ್ರೋಸಾಫ್ಟ್ ತಾನೇ ಕ್ಸೀನಿಕ್ಸ್ ಎಂಬ ಯೂನಿಕ್ಸ್ ರೂಪವನ್ನು ಮಾರುತ್ತಿದ್ದುದರಿಂದ ಸ್ಲ್ಯಾಶಿನ ಪದ್ಧತಿ ಅದಕ್ಕೆ ಅಪರಿಚಿತವೇನಲ್ಲ. ಆದರೆ ಸ್ಲ್ಯಾಶನ್ನು ವಿಳಾಸಕ್ಕೆ ಬಳಸಿದ್ದರೆ, ಎರಡು ವರ್ಷಗಳಿಂದ ಜನ ಬಳಸುತ್ತಿದ್ದ ಆದೇಶಗಳು ಕೆಡುತ್ತಿದ್ದವು. ಆದುದರಿಂದ ಬ್ಯಾಕ್‌ಸ್ಲ್ಯಾಶನ್ನು ಆರಿಸಿಕೊಂಡರು. ಹಳೆಯ ಬಳಕೆದಾರರಿಗೆ ತೊಂದರೆಯಾಗಬಾರದೆಂಬ ಆ ಕಾಳಜಿಯಲ್ಲಿ ತಪ್ಪು ಹುಡುಕುವುದು ಕಷ್ಟ.

ಎರಡೂ ನಿರ್ಧಾರಗಳು ತಮ್ಮ ತಮ್ಮ ಸ್ಥಳದಲ್ಲಿ ಸರಿಯೇ. ಸಿ ಭಾಷೆಯಲ್ಲಿ ಅಥವಾ ಅದರ ಪದ್ಧತಿಯನ್ನು ಅನುಸರಿಸಿದ ಅನೇಕ ಭಾಷೆಗಳಲ್ಲಿ ವಿಂಡೋಸ್ ವಿಳಾಸ ಬರೆದಾಗ ಅವು ಎದುರಾದವು. 'ಸಿ' ಡ್ರೈವಿನಲ್ಲಿ 'ನ್ಯೂ' ಎಂಬ ಫೋಲ್ಡರ್, ಅದರೊಳಗೆ 'ಟೇಬಲ್' ಎಂಬ ಫೈಲು ಇದೆಯೆನ್ನಿ. ವಿಳಾಸದಲ್ಲಿ ಬ್ಯಾಕ್‌ಸ್ಲ್ಯಾಶಿನ ಮುಂದೆ 'ನ್ಯೂ' ಪದದ 'ಎನ್' ಬರುತ್ತದೆ. ಗಣಕ ಅದನ್ನು ಹೊಸ ಸಾಲೆಂದು ಓದುತ್ತದೆ. 'ಟೇಬಲ್' ಪದದ 'ಟಿ' ಟ್ಯಾಬ್ ಆಗುತ್ತದೆ. ತಲೆ ಕತ್ತರಿಸಿದ ಆ ಎರಡು ಹೆಸರುಗಳ ಫೈಲು ಎಲ್ಲಿಯೂ ಇಲ್ಲ. ಕನ್ನಡದಲ್ಲಿ ಅನುಸ್ವಾರವನ್ನೂ ಅಂಕಿಯ ಸೊನ್ನೆಯನ್ನೂ ಒಂದೇ ವೃತ್ತದಿಂದ ಬರೆಯುತ್ತೇವೆ, ಎರಡನ್ನೂ ಸೊನ್ನೆಯೆಂದೇ ಕರೆಯುತ್ತೇವೆ. ಒಂದನೆಯ ತರಗತಿಯ ಮಗುವೂ ಅಕ್ಕಪಕ್ಕ ನೋಡಿ ಯಾವುದು ಯಾವುದೆಂದು ತಿಳಿದುಕೊಳ್ಳುತ್ತದೆ. ಕಂಪೈಲರಿಗೆ ಆ ವಿವೇಚನೆಯಿಲ್ಲ. ಉದ್ಧರಣ ಚಿಹ್ನೆಗಳ ನಡುವೆ ಇರುವುದು ಫೈಲಿನ ವಿಳಾಸವೋ ಪದ್ಯವೋ ಅದು ಅರಿಯದು.

ಇದಕ್ಕೆ ಪರಿಹಾರಗಳು ಒಂದೊಂದಾಗಿ ಬಂದವು. ಎರಡೆರಡು ಬ್ಯಾಕ್‌ಸ್ಲ್ಯಾಶ್ ಬರೆಯುವುದು ಎಲ್ಲಕ್ಕಿಂತ ಹಳೆಯದು. ಜಾಲದ ಇನ್ನೊಂದು ಗಣಕದ ವಿಳಾಸ ಎರಡು ಬ್ಯಾಕ್‌ಸ್ಲ್ಯಾಶಿನಿಂದ ಆರಂಭವಾಗುವುದರಿಂದ ಅಲ್ಲಿ ನಾಲ್ಕು ಬರೆಯಬೇಕು. ಈ ನಿಯಮ ಪ್ರೋಗ್ರಾಮಿನ ಬರಹಕ್ಕೆ ಮಾತ್ರ. ಪ್ರೋಗ್ರಾಂ ನಡೆಯುತ್ತಿರುವಾಗ ಬಳಕೆದಾರ ಟೈಪು ಮಾಡುವ ವಿಳಾಸಕ್ಕೆ ಅನ್ವಯಿಸದು. ಹೊಸಬರು ಗೊಂದಲಪಡುವುದು ಹೆಚ್ಚಾಗಿ ಇಲ್ಲಿಯೇ. ಪೈಥಾನ್‌ನಲ್ಲಿ ಸ್ಟ್ರಿಂಗಿನ ಮುಂದೆ 'ಆರ್' ಅಕ್ಷರ ಹಾಕಿದರೆ, ಸಿ ಶಾರ್ಪ್‌ನಲ್ಲಿ @ ಹಾಕಿದರೆ ಒಳಗಿನದನ್ನು ಇದ್ದಂತೆಯೇ ಓದುತ್ತವೆ. ಸಿ ಪ್ಲಸ್ ಪ್ಲಸ್‌ಗೆ ಇಂಥ ಸೌಲಭ್ಯ 2011ರಲ್ಲಿ ಬಂತು. ಇದಲ್ಲದೆ, ಡಾಸ್‌ನ ಒಳತಿರುಳು 2.0 ಆವೃತ್ತಿಯಿಂದಲೂ ವಿಳಾಸಗಳಲ್ಲಿ ಮುಂದಕ್ಕೆ ವಾಲಿದ ಸ್ಲ್ಯಾಶನ್ನೂ ಒಪ್ಪುತ್ತಿತ್ತು. ವಿಂಡೋಸ್ ಕೂಡ ಬಹುಪಾಲು ಕಡೆ ಒಪ್ಪುತ್ತದೆ. ಇದನ್ನರಿಯದೆ ಬಹಳ ಕಾಲ ಬ್ಯಾಕ್‌ಸ್ಲ್ಯಾಶಿನೊಡನೆ ಹೆಣಗಿದವರು ಅನೇಕರು.

ಹಳೆಯ ಗಾಯ ಹೊಸದಾಗಿ ತೆರೆದುಕೊಂಡ ಪ್ರಸಂಗವೊಂದಿದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಬಳಕೆದಾರರ ಫೈಲುಗಳಿದ್ದ ಫೋಲ್ಡರಿನ ಹೆಸರು 'ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್'. 2007ರಲ್ಲಿ ಎಲ್ಲರ ಕೈಸೇರಿದ ವಿಸ್ಟಾ ಅದನ್ನು 'ಯೂಸರ್ಸ್' ಎಂದು ಚಿಕ್ಕದಾಗಿಸಿತು. ಮರುವರ್ಷ, 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3, ಜಗತ್ತಿನ ಲಿಪಿಗಳೆಲ್ಲಕ್ಕೂ ಎಡೆಯಿರುವಂತೆ ಪ್ರತಿಯೊಂದು ಸಾಮಾನ್ಯ ಸ್ಟ್ರಿಂಗನ್ನೂ ಯೂನಿಕೋಡ್ ಮಾಡಿತು. ನಮ್ಮ ಕನ್ನಡಕ್ಕೂ ಅದರಿಂದ ಉಪಕಾರವಾಯಿತು. ಯೂನಿಕೋಡ್ ಸ್ಟ್ರಿಂಗಿನಲ್ಲಿ ಬ್ಯಾಕ್‌ಸ್ಲ್ಯಾಶಿನ ಮುಂದೆ ದೊಡ್ಡ 'ಯು' ಬಂದರೆ ಅದರ ಹಿಂದೆಯೇ ಎಂಟು ಅಂಕಿಗಳ ಅಕ್ಷರಸಂಖ್ಯೆ ಬರಬೇಕೆಂಬುದು ನಿಯಮ. 'ಯೂಸರ್ಸ್' ಆರಂಭವಾಗುವುದೂ ದೊಡ್ಡ 'ಯು'ವಿನಿಂದಲೇ! ಎರಡೂ ಒಳ್ಳೆಯ ಸುಧಾರಣೆಗಳೇ. ಕೂಡಿದಾಗ ಮಾತ್ರ, ಹೊಸಬರು ಬರೆದ ಮೊದಲ ವಿಳಾಸವೇ ದೋಷವೆನಿಸತೊಡಗಿತು.

ಭದ್ರತೆಯ ವಿಷಯದಲ್ಲಿ ಈ ಗೊಂದಲ ಇನ್ನೂ ದುಬಾರಿ. ಎರಡೂ ಓರೆಗೆರೆಗಳನ್ನು ಒಪ್ಪುವ ವ್ಯವಸ್ಥೆಯಲ್ಲಿ ಒಂದನ್ನು ಮಾತ್ರ ತಪಾಸಣೆ ಮಾಡುವ ಪ್ರೋಗ್ರಾಂ, ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ಮರೆತ ಮನೆಯಂತೆ. ಎರಡು ಚುಕ್ಕೆಗಳ ಮುಂದೆ ಮತ್ತೊಂದು ಓರೆಗೆರೆ ಹಾಕಿ, ಬೇಲಿ ದಾಟಿ ಮೇಲಿನ ಫೋಲ್ಡರಿಗೆ ಹೋಗುವ ಕಳ್ಳದಾರಿ ಅಲ್ಲಿ ಸಿಗುತ್ತದೆ. 2000ದಲ್ಲಿ ಮೈಕ್ರೋಸಾಫ್ಟ್‌ನ ವೆಬ್ ಸರ್ವರಿನಲ್ಲಿ ಓರೆಗೆರೆಗಳನ್ನು ಬೇರೆ ಸಂಕೇತದಲ್ಲಿ ಮರೆಮಾಚಿ ಹೀಗೆ ದಾಟಬಹುದಾದ ಲೋಪ ಬಯಲಾಯಿತು. 2001ರ ಸೆಪ್ಟೆಂಬರಿನ ನಿಮ್ಡಾ ಹುಳು ಹರಡಿದ ದಾರಿಗಳಲ್ಲಿ ಈ ಬಗೆಯ ಲೋಪವೂ ಒಂದು.

ಒಂದು ವ್ಯವಸ್ಥೆಯನ್ನು ಜನ ನೆಚ್ಚಿಕೊಂಡ ಮೇಲೆ ಅದನ್ನು ಹಿಂದಕ್ಕೆ ಪಡೆಯಲಾಗದು. ಜಪಾನಿನವರು ತಮ್ಮ 1969ರ ಮಾನಕದಲ್ಲಿ 92ನೆಯ ಸ್ಥಾನವನ್ನು ಯೆನ್ ನಾಣ್ಯದ ಚಿಹ್ನೆಗೆ ಕೊಟ್ಟರು. ಅದರ ಫಲವಾಗಿ ಅಲ್ಲಿಯ ಹಲವು ಫಾಂಟುಗಳಲ್ಲಿ ವಿಂಡೋಸ್ ವಿಳಾಸಗಳ ನಡುವೆ ಇಂದಿಗೂ ಯೆನ್ ಚಿಹ್ನೆಯೇ ಕಾಣಿಸುತ್ತದೆ. ಅದನ್ನು ತಿದ್ದಲು ಹೊರಟರೆ ಬೆಲೆಪಟ್ಟಿಯ ಯೆನ್ ಯಾವುದು, ವಿಳಾಸದ ಗೆರೆ ಯಾವುದು ಎಂದು ಬೇರ್ಪಡಿಸುವವರು ಯಾರು?

ನನ್ನ ವಿದ್ಯಾರ್ಥಿಗಳಲ್ಲಿ ಈಗ ಬೇರೆಯವರಿಗೆ ಕಲಿಸುವ ಸ್ಥಾನದಲ್ಲಿರುವವರಿಗೆ ಒಂದು ವಿನಂತಿ. ನಿಮ್ಮ ಕೈಕೆಳಗಿನ ಹುಡುಗನೋ ಹುಡುಗಿಯೋ ಈ ಓರೆಗೆರೆಯಲ್ಲಿ ಎಡವಿದಾಗ 'ಇಷ್ಟೂ ಗೊತ್ತಿಲ್ಲವೇ?' ಎನ್ನಬೇಡಿ. 1972ರ ಆಸುಪಾಸಿನ ಒಂದು ನಿರ್ಧಾರ, 1983ರ ಇನ್ನೊಂದು ನಿರ್ಧಾರ ಇಲ್ಲಿ ಹೇಗೆ ಸೇರಿದವೆಂದು ಐದು ನಿಮಿಷ ಹೇಳಿ. ಕಾರಣ ತಿಳಿದವರು ನಿಯಮವನ್ನು ಮರೆಯುವುದು ಕಡಿಮೆ. ಬಳಿಕ ಎರಡು ಬ್ಯಾಕ್‌ಸ್ಲ್ಯಾಶ್ ಬರೆಯುವುದನ್ನು ತೋರಿಸಿಕೊಡಿ.