ಹಾಡಿನ ಅಳತೆ ಎಷ್ಟಿರಬೇಕು?

ಹಾಡು ಎಷ್ಟು ಉದ್ದವಿದ್ದರೆ ಚೆನ್ನ? ಥ್ರ್ಯಾಶ್ ಮೆಟಲ್ ಅಭಿಮಾನಿಗಳಲ್ಲಿ ಈ ವಾದ ಇಂದಿಗೂ ಮುಗಿದಿಲ್ಲ. ಅಮೆರಿಕದ ಸ್ಲೇಯರ್ ತಂಡದ ‘ರೇನ್ ಇನ್ ಬ್ಲಡ್’ (1986) ಸುಮಾರು 29 ನಿಮಿಷಕ್ಕೆ ಮುಗಿಯುತ್ತದೆ. ಮೆಟಾಲಿಕಾದ ‘ಆಂಡ್ ಜಸ್ಟಿಸ್ ಫಾರ್ ಆಲ್’ (1988) 65 ನಿಮಿಷ ಓಡುತ್ತದೆ. ಎರಡಕ್ಕೂ ಕಟ್ಟಾ ಅಭಿಮಾನಿಗಳಿದ್ದಾರೆ.

ಪ್ರಶ್ನೆ ಮಾತ್ರ ಹಳೆಯದು. ನಂಜನಗೂಡು, ತಿ. ನರಸೀಪುರ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯವನ್ನು ಇರುಳಿಡೀ ಹಾಡುವ ಪರಂಪರೆ ಇದೆ. ಯಾವ ಸಾಲನ್ನು ಎಷ್ಟು ಬೆಳೆಸಬೇಕೆಂಬುದನ್ನು ಸೇರಿದ ಜನರ ಒಲವೇ ತೀರ್ಮಾನಿಸುತ್ತದೆ. ತಿರುಮಕೂಡಲಿನ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರ ಕಾಲದ ಕಚೇರಿಗಳೂ ಗಂಟೆಗಟ್ಟಲೆ ನಡೆಯುತ್ತಿದ್ದವು.

ಈ ಧಾರಾಳಕ್ಕೆ ಕತ್ತರಿ ಹಾಕಿದ್ದು ಗ್ರಾಮೊಫೋನ್. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರೇ ನಿಮಿಷ ಹಿಡಿಯುತ್ತಿತ್ತು. 1902ರಲ್ಲಿ ಹಾಡು ಮುದ್ರಿಸಿ, ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಇಲ್ಲಿಯೇ ತೀರಿಕೊಂಡ ಗೌಹರ್ ಜಾನ್, ರಾಗವನ್ನು ಅಷ್ಟರಲ್ಲೇ ಅಡಕಗೊಳಿಸಿದರು. ಮುಂದೆ ಕ್ಯಾಸೆಟ್ ಬಂದಾಗ ಕಾವ್ಯವೂ ಕಂತುಗಳಾಯಿತು.

ಈಗ ಯಂತ್ರದ ಮಿತಿಯಿಲ್ಲ. ಉಳಿದಿರುವುದು ನಮ್ಮ ವ್ಯವಧಾನದ ಮಿತಿ. ಗಿಡ್ಡವಾದ ಮಾತ್ರಕ್ಕೆ ಹಾಡು ಕೆಡುವುದಿಲ್ಲವೆಂಬುದಕ್ಕೆ ಗೌಹರ್ ತಟ್ಟೆಗಳೇ ಸಾಕ್ಷಿ. ಆದರೆ ಇರುಳಿಡೀ ಕೇಳುವವರು ಇಲ್ಲವಾದರೆ ನೀಲಗಾರರ ಕಾವ್ಯ ಕಂತುಗಳಲ್ಲಷ್ಟೇ ಉಳಿದೀತು.