ಬಾಗಿಲಿಲ್ಲದ ತೂಬುಗಳು

ವಿಮಾನ ಹಾರಿಸಿದ ರೈಟ್ ಸಹೋದರರ ಊರು ಡೇಟನ್ ಎಂದು ನೀವು ಓದಿರುತ್ತೀರಿ. ಅಮೆರಿಕದ ಒಹಾಯೊ ರಾಜ್ಯದ ಈ ನಡುಗಾತ್ರದ ನಗರದಲ್ಲಿ ಗ್ರೇಟ್ ಮಯಾಮಿ ನದಿಗೆ ಇನ್ನೂ ಮೂರು ಹೊಳೆಗಳು ಬಂದು ಸೇರುತ್ತವೆ. ಪ್ರವಾಹ ಅಲ್ಲಿಗೆ ಹೊಸತಾಗಿರಲಿಲ್ಲ. ದಂಡೆಯ ಮಣ್ಣಿನ ಏರಿಗಳನ್ನು ನಂಬಿ ಜನ ನಿಶ್ಚಿಂತರಾಗಿದ್ದರು.

1913ರ ಮಾರ್ಚ್ 23, ಈಸ್ಟರ್ ಭಾನುವಾರ. ದೂರದ ಪಶ್ಚಿಮದಲ್ಲಿ ಒಮಾಹಾ ನಗರವನ್ನು ಸುಂಟರಗಾಳಿ ಸೀಳಿ ನೂರರಷ್ಟು ಜನರನ್ನು ಕೊಂದಿತು. ಜನ ಗಾಬರಿಯಾದಾರೆಂದು ಅಂದಿನ ಹವಾಮಾನ ಇಲಾಖೆ 'ಟಾರ್ನೆಡೊ' ಎಂಬ ಪದವನ್ನೇ ಮುನ್ಸೂಚನೆಯಲ್ಲಿ ಬಳಸುತ್ತಿರಲಿಲ್ಲ! ಅದೇ ಬಿರುಗಾಳಿಯ ವ್ಯೂಹ ಪೂರ್ವಕ್ಕೆ ಸರಿದು ಒಹಾಯೊದಲ್ಲಿ ಮಳೆ ಸುರಿಸಿತು. 25ರಂದು ಏರಿಗಳು ಒಡೆದವು. ಪೇಟೆಯಲ್ಲಿ 20 ಅಡಿಯವರೆಗೆ ನೀರು. ಜನ ಅಟ್ಟ ಹತ್ತಿದರು. ಮಯಾಮಿ ಕಣಿವೆಯಲ್ಲಿ ಸತ್ತವರು 360ಕ್ಕೂ ಹೆಚ್ಚು. ಎತ್ತರದಲ್ಲಿದ್ದ ಕ್ಯಾಷ್ ರಿಜಿಸ್ಟರ್ ಕಾರ್ಖಾನೆಯ ಮಾಲೀಕ ಜಾನ್ ಪ್ಯಾಟರ್ಸನ್ ತನ್ನ ಬಡಗಿಗಳಿಂದ ದೋಣಿಗಳನ್ನು ಮಾಡಿಸಿ ಕಳುಹಿಸಿದ.

ಅಟ್ಟದಲ್ಲಿ ಕುಳಿತು ತಮಗೆ ತಾವೇ ಕೊಟ್ಟುಕೊಂಡ ಮಾತನ್ನು ಜನ ಮರೆಯಲಿಲ್ಲ. ಕೆಸರು ಪೂರ್ತಿ ಆರುವ ಮೊದಲೇ 20 ಲಕ್ಷ ಡಾಲರಿಗೂ ಹೆಚ್ಚು ಚಂದಾ ಕೂಡಿತು. ಆರ್ಥರ್ ಮಾರ್ಗನ್ ಎಂಬ ಎಂಜಿನಿಯರನನ್ನು ಕರೆಸಿದರು. ಆತನಿಗೆ ಎಂಜಿನಿಯರಿಂಗ್ ಪದವಿ ಇರಲಿಲ್ಲ. ಹಳೆಯ ದಾಖಲೆಗಳನ್ನು ಕೆದಕುವ ತಾಳ್ಮೆಯಿತ್ತು. ಯುರೋಪಿನ ನದಿಗಳ ಹಳೆಯ ಪ್ರವಾಹಗಳ ಲೆಕ್ಕವನ್ನೂ ತೆಗೆಸಿ, 1913ರದಕ್ಕಿಂತ ಸುಮಾರು ಶೇಕಡಾ 40ರಷ್ಟು ದೊಡ್ಡ ಪ್ರವಾಹಕ್ಕೆ ಸಿದ್ಧವಾಗಬೇಕೆಂದ. ತಮ್ಮ ಹೊಲಗಳನ್ನು ಕೆಳಗಿನ ನಗರಕ್ಕಾಗಿ ಏಕೆ ಮುಳುಗಿಸಬೇಕೆಂದು ಮೇಲ್ದಂಡೆಯ ರೈತರು ಪ್ರತಿಭಟಿಸಿದರು. ಆ ಪ್ರಶ್ನೆ ಅನ್ಯಾಯದ್ದೆಂದು ನನಗೆ ತೋರುವುದಿಲ್ಲ.

1922ರ ಹೊತ್ತಿಗೆ ಐದು ಅಣೆಕಟ್ಟುಗಳು ಮುಗಿದವು. ಕ್ರೆಸ್ಟ್ ಗೇಟುಗಳನ್ನು ಕಂಡ ನಮಗೆ ಅವು ವಿಚಿತ್ರ. ತೂಬುಗಳಿಗೆ ಬಾಗಿಲೇ ಇಲ್ಲ. ಸಾಮಾನ್ಯ ದಿನಗಳಲ್ಲಿ ನದಿ ಹಾಗೆಯೇ ಹರಿದುಹೋಗುತ್ತದೆ, ಹಿಂದಿನ ಜಮೀನಿನಲ್ಲಿ ಬೇಸಾಯ ನಡೆಯುತ್ತದೆ. ಹೊಳೆ ಉಕ್ಕಿದಾಗ ಮಾತ್ರ ತೂಬಿಗೆ ಹಿಡಿಸದ ನೀರು ಹಿಂದೆ ನಿಂತು, ನಿಧಾನವಾಗಿ ಇಳಿಯುತ್ತದೆ. ಬಾಗಿಲಿದ್ದರೆ ಮುಂದೊಂದು ದಿನ ಯಾರಾದರೂ ವಿದ್ಯುತ್ತಿಗೆಂದು ನೀರು ತುಂಬಿಸಿಟ್ಟಾರು, ಮಳೆ ಬಂದಾಗ ಜಾಗವಿರದು. ಹಾಗೆ ಮಾಡುವುದು ಕೆಳಗಿನ ಊರುಗಳಿಗೆ ಅಪಾಯವೆಂದು ಅಲ್ಲಿ ಬರೆದೇ ಇಟ್ಟಿದ್ದಾರೆ. ಈವರೆಗೆ ಈ ಕಟ್ಟೆಗಳು ಎರಡು ಸಾವಿರಕ್ಕೂ ಹೆಚ್ಚು ಸಲ ನೀರನ್ನು ತಡೆದಿವೆ.

ಗಾಳಿಗೆ ಕಟ್ಟೆಯಿಲ್ಲ. 2019ರ ಮೇ 27ರ ರಾತ್ರಿ ಪ್ರಬಲ ಸುಂಟರಗಾಳಿ ಡೇಟನ್ನಿಗೇ ಬಂತು. ಈ ಸಲ ಎಚ್ಚರಿಕೆ ಮುಂಚೆಯೇ ಸಿಕ್ಕಿತ್ತು. ಜನ ನೆಲಮಾಳಿಗೆಗಳಿಗೆ ಇಳಿದರು. ಮನೆಗಳು ನೆಲಸಮವಾದರೂ ಪ್ರಾಣಹಾನಿ ಬಹಳ ಕಡಿಮೆ. ಆದರೆ ವಿದ್ಯುತ್ ಕಡಿದು ನೀರಿನ ಪಂಪುಗಳು ನಿಂತವು. ನಾಲ್ಕು ಹೊಳೆಗಳು ಕೂಡುವ ಊರಿನವರು ಕೊಳಾಯಿ ತಿರುಗಿಸಿ ಕಾದರು. ನೀರು ಬಂದ ಮೇಲೂ ಕೆಲವು ದಿನ ಕುದಿಸಿಯೇ ಕುಡಿದರು.